ಪದ್ಮಾ ಅವರ ಡಬ್ಬಿ

ಮಾನ್ಯ ವಾಚಕ ಮಹಾಶಯರೇ, ಶವಪೆಟ್ಟಿಗೆಯ ಮುಚ್ಚಳ ಇನ್ನೂ ಬಿದ್ದಿಲ್ಲವಾದ ಕಾರಣ ತಾವು ಕೊಂಚ ಹೊತ್ತು ನನ್ನೊಡನೆ ನಿಲ್ಲುವ ಕೃಪೆ ಮಾಡಬೇಕು. ಈಶ್ವರ ತಮ್ಮ ಹೆಂಡತಿ ಪದ್ಮಾ ಅವರ ಕಾಲಬಳಿ ಒಂದು ಬಿಸ್ಕೆಟ್ ಡಬ್ಬಿಯನ್ನು ಇಡಹೊರಟಿದ್ದಾರೆ. ಚಿತಾಗಾರದ ನೌಕರ ಎರಡೂ ಕೈ ಚಾಚಿ ತಡೆಯುತ್ತಿದ್ದಾನೆ.

“ಸುಮಿಮಾಸೆನ್,” ಎಂದು ಕ್ಷಮೆ ಕೋರುತ್ತ ಆತ ಬಾಗಿದ. ಸತ್ತವರಿಗೆ ಪ್ರಿಯವಾದದ್ದನ್ನು ಜೊತೆಗಿಡುವುದು ಇಲ್ಲಿನ ವಾಡಿಕೆಯೇ; ಆದರೆ ಲೋಹ ಕೂಡದು. ಡಬ್ಬಿಯೂ ಕೂಡದು, ಒಳಗಿನ ಮಾತ್ರೆಗಳ ತಗಡಿನ ಹಾಳೆಯೂ ಕೂಡದು.

ಜಪಾನಿನ ಈ ಗ್ಯೋಟೋಕು ಬಡಾವಣೆಯ ಕನ್ನಡಿಗರಿಗೆ ಆ ಡಬ್ಬಿಯೇ ಆಸ್ಪತ್ರೆಯಾಗಿತ್ತು. ಸ್ಟೇಷನ್ ಪಕ್ಕದ ಕ್ಲಿನಿಕ್ಕಿನಲ್ಲಿ ಜ್ವರವನ್ನು ಜಪಾನಿಯಲ್ಲಿ ವಿವರಿಸಬೇಕು. ಚೀಟಿ ಹಿಡಿದು ಔಷಧದಂಗಡಿಯಲ್ಲಿ ಮತ್ತೆ ಕಾಯಬೇಕು. ಪದ್ಮಾ ಬಾಗಿಲಲ್ಲೇ ಹಣೆ ಮುಟ್ಟಿ ನೋಡಿ, ಊಟವಾಯಿತೇ ಎಂದು ಕೇಳಿ, ಬೆಂಗಳೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದ ಮಾತ್ರೆಯನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿಕೊಡುತ್ತಿದ್ದರು.

ಈಶ್ವರ ಹಾಳೆಯೊಂದನ್ನು ಎತ್ತಿಕೊಂಡು ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ತೆಗೆಯತೊಡಗಿದರು. ಮೇಲಿನ ಮಹಡಿಯ ನೀರಜಾ ಹತ್ತಿರ ಸರಿದಳು.

“ಅಂಕಲ್, ಥೈರಾಯ್ಡ್‌ದು ಒಂದ್ ಸ್ಟ್ರಿಪ್ ಬಿಟ್ಟಿರಿ. ನಂದು ಮುಗಿದೋಗಿದೆ.”

* * *

ಹಿಂದಿನ ಭಾನುವಾರ ಮಧ್ಯಾಹ್ನ ಪದ್ಮಾ ಬೆವರುತ್ತ ಗೋಡೆಗೊರಗಿ ಕುಳಿತಿದ್ದರು. ಎದೆಯ ನೋವು ಎಡಭುಜಕ್ಕೆ ಏರಿತ್ತು. ಈಶ್ವರ ಆಂಬುಲೆನ್ಸಿಗೆಂದು ಫೋನ್ ಎತ್ತಿಕೊಂಡರು. ತಲೆನೋವಿನ ಮಾತ್ರೆಗೆ ಬಂದಿದ್ದ ನೀರಜಾ ತಡೆದಳು.

“ಗ್ಯಾಸ್ ಇರ್ಬೇಕು ಅಂಕಲ್. ಸೈರನ್ ಹಾಕ್ಕೊಂಡ್ ಬಂದ್ರೆ ಬಿಲ್ಡಿಂಗ್ ಪೂರ್ತಿ ನೋಡುತ್ತೆ.”

“ಹೌದ್ರೀ, ಸುಮ್ನಿರಿ,” ಎಂದು ಪದ್ಮಾ ಡಬ್ಬಿಗೆ ಕೈಚಾಚಿದರು. “ಎಂಥ ನೋವು ಅಂತ ಡಾಕ್ಟ್ರು ಜಪಾನೀಸಲ್ಲಿ ಕೇಳ್ತಾರೆ. ನಂಗೆ ಕನ್ನಡದಲ್ಲೇ ಹೇಳಕ್ಕೆ ಬರ್ತಿಲ್ಲ.”

ನೀರಜಾಳಿಗೆ ತಲೆನೋವಿನ ಮಾತ್ರೆ ಕತ್ತರಿಸಿಕೊಟ್ಟು, ತಾವು ಅಸಿಡಿಟಿಯದನ್ನು ನುಂಗಿದರು. ಈಶ್ವರ ಫೋನ್ ಕೆಳಗಿಟ್ಟರು. ಸಂಜೆ ಕಾಫಿಗೆ ಎಬ್ಬಿಸಿದಾಗ ಪದ್ಮಾ ಏಳಲಿಲ್ಲ.

* * *

“ಬಿಡಲ್ಲ ನೀರಜಾ,” ಎಂದರು ಈಶ್ವರ, ಒತ್ತುವುದನ್ನು ನಿಲ್ಲಿಸದೆ. “ಅವಳ ಜೊತೆಗೇ ಈ ಆಸ್ಪತ್ರೇನೂ ಮುಚ್ಚೋಗ್ಲಿ.”

ಸೀರೆಯ ನೆರಿಗೆಗಳ ಮೇಲೆ ಬಿಳಿ, ಗುಲಾಬಿ, ಹಳದಿ ಮಾತ್ರೆಗಳು ಉದುರಿದವು. ಬರಿದಾದ ಹಾಳೆಗಳನ್ನು ನೌಕರ ತಟ್ಟೆಯಲ್ಲಿ ಸ್ವೀಕರಿಸಿ, ಮತ್ತೊಮ್ಮೆ ಬಾಗಿ, ಮುಚ್ಚಳ ಮುಚ್ಚಿದ. ಮನೆಗೆ ಮರಳಿದ ಈಶ್ವರ ಮಾತ್ರೆಗಳು ಖಾಲಿಯಾದ ಡಬ್ಬಿಯನ್ನು ಕಟ್ಟಡದ ಹಿಂಬದಿಯಲ್ಲಿ, ಸುಡಲಾಗದ ಕಸದ ಜಾಗದಲ್ಲಿ ಇಟ್ಟುಬಂದರು.

ಅವರ ಮನೆಯಲ್ಲಿ ಕೆಲವು ದಿನಗಳಿಂದ ಅತಿಥಿಯಾಗಿದ್ದ ನಾನು ಅಂದು ಸಂಜೆಯೇ ಬೆಂಗಳೂರಿಗೆ ಹೊರಟು, ತಿಂಗಳೊಳಗೆ ಮರಳುವವನಿದ್ದೆ. ಬಟ್ಟೆ ಮಡಿಸುತ್ತಿದ್ದಾಗ ನೀರಜಾ ಬಂದಳು. ಅತ್ತು ಕೆಂಪಾದ ಕಣ್ಣು. ಕೈಯಲ್ಲಿ ತೊಳೆದು ಒರೆಸಿದ ಅದೇ ಡಬ್ಬಿ.

“ಹೇಗೂ ಊರಿಗೆ ಹೋಗ್ತಿದ್ದೀರಲ್ಲ ಸರ್. ಯಾರ್ಯಾರಿಗೆ ಏನ್ ಬೇಕು ಅಂತ ಗ್ರೂಪಲ್ಲಿ ಹಾಕಿದೀವಿ. ಬರ್ತಾ ತಂದ್ಬಿಡಿ.” ಬಾಗಿಲಲ್ಲಿ ತಿರುಗಿ ನಿಂತಳು. “ಅಸಿಡಿಟಿದು ಸ್ವಲ್ಪ ಜಾಸ್ತೀನೇ ಇರ್ಲಿ.”

ಪೆಟ್ಟಿಗೆಯಲ್ಲಿ ಜಾಗವಿತ್ತು. ಡಬ್ಬಿಯನ್ನು ಅಂಗಿಗಳ ನಡುವೆ ಇರಿಸಿ, ಬೀಗ ಹಾಕಿ, ಹೊರಟೆ. ಸ್ಟೇಷನ್ನಿನವರೆಗೂ ಅದರೊಳಗೆ ಪದ್ಮಾ ಅವರ ಪುಟ್ಟ ಕತ್ತರಿ ಕಟಕಟ ಸದ್ದು ಮಾಡುತ್ತಲೇ ಇತ್ತು.