ಎಷ್ಟು ಬಂತು ಅಂತ ಕೇಳಬಾರದು

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಒಂದು ಮಾತು ಕೊಟ್ಟಿದ್ದಳು. ಅವತ್ತು ಶಾಲೆಯಲ್ಲಿ ಮಾರ್ಕ್ಸ್ ಕೊಟ್ಟಿದ್ದರು. ಸಂಜೆಯಾದರೂ ಹುಡುಗಿಯ ಪತ್ತೆಯಿಲ್ಲ. ಬೀದಿಯೆಲ್ಲ ಜಾಲಾಡಿದ ಮೇಲೆ ಸಿಕ್ಕಿದ್ದು ತಮ್ಮದೇ ಲಾಂಡ್ರಿಯಲ್ಲಿ. ಒಗೆಯಬೇಕಾದ ಬಟ್ಟೆಗಳ ರಾಶಿಯೊಳಗೆ ಹುದುಗಿಕೊಂಡು, ಅತ್ತು ಅತ್ತು ನಿದ್ದೆ ಹೋಗಿದ್ದಳು. ಅವಳನ್ನು ಎದೆಗವುಚಿಕೊಂಡು ಅಮ್ಮ, "ಇನ್ಮೇಲೆ ಎಷ್ಟು ಬಂತು ಅಂತ ನಾನಾಗಿ ಯಾವತ್ತೂ ಕೇಳಲ್ಲ, ಆಯ್ತಾ?" ಎಂದಿದ್ದಳು.

ಮಾತು ಕೊಡುವಾಗ ಸುಲಭವಾಗಿಯೇ ಕೊಟ್ಟಿದ್ದಳು. ಆಮೇಲೆ ಪ್ರತಿ ಪರೀಕ್ಷೆ ಮುಗಿದಾಗಲೂ ಅದು ಬಾಯಲ್ಲಿಟ್ಟ ಬಿಸಿ ತುತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇವತ್ತಂತೂ ಹೇಳಬೇಕಾದ್ದೇ ಇಲ್ಲ. ಹನ್ನೆರಡನೇ ಕ್ಲಾಸು ಮುಗಿಸಿದ ಮಗಳು ಸೇರಬೇಕೆಂದಿದ್ದದ್ದು, ನೂರು ಮಂದಿ ಬಾಗಿಲು ತಟ್ಟಿದರೆ ಇಬ್ಬರು ಮೂವರನ್ನು ಒಳಗೆ ಬಿಡುವ ವಿಜ್ಞಾನ ಕಾಲೇಜು. ಪ್ರವೇಶ ಪರೀಕ್ಷೆ ಮೊದಲೇ ಬರೆದಾಗಿತ್ತು; ಇವತ್ತು ಬೆಳಿಗ್ಗೆ ಸಂದರ್ಶನ, ಮಧ್ಯಾಹ್ನಕ್ಕೇ ಎರಡರದೂ ಫಲಿತಾಂಶ. ಅಮ್ಮ ಇಸ್ತ್ರಿ ಹಿಡಿದು ನಿಂತಿದ್ದಾಗ ಅವಳ ಅಕ್ಕನ ಫೋನ್ ಬಂತು.

"ಈಜು, ಪಿಟೀಲು, ಭಾಷಣ, ಯಾವುದಕ್ಕಾದ್ರೂ ಸರ್ಟಿಫಿಕೇಟ್ ಇತ್ತೇನೇ ಅವಳ ಹತ್ರ? ನನ್ನ ಮಗ ಎಷ್ಟು ದಪ್ಪ ಫೈಲ್ ತಗೊಂಡು ಹೋಗಿದ್ದ ಗೊತ್ತಾ?"

"ಗೊತ್ತು ಅಕ್ಕ. ಅದನ್ನ ಹೊರೋಕೆ ಭಾವನೂ ಹೋಗಿದ್ರಲ್ಲ."

"ಕೊಂಕು ಬೇಡ. ಬಂದ ತಕ್ಷಣ ಕೇಳಿ ಫೋನ್ ಮಾಡು."

"ನಾನು ಕೇಳೋ ಹಾಗಿಲ್ಲ."

"ಒಳ್ಳೇ ಮೌನವ್ರತ ನಿಂದು" ಎಂದು ಅಕ್ಕ ಫೋನಿಟ್ಟಳು.

ಸಂಜೆ ಮಗಳು ಬಂದಳು. ಚಪ್ಪಲಿ ಬಿಟ್ಟಳು, ಮುಖ ತೊಳೆದಳು, ಬಟ್ಟೆ ಗಂಟಿನ ಮೇಲೆ ಕೂತು ಬ್ರೆಡ್ಡು ತಿನ್ನತೊಡಗಿದಳು. ಬೇಕೆಂದೇ ಸತಾಯಿಸುತ್ತಿದ್ದಾಳೋ, ನಿಜಕ್ಕೂ ಸುಸ್ತಾಗಿದ್ದಾಳೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಒಗೆಯುವ ಮಿಷನ್ನಿನ ಹಿಂದಿನಿಂದ ಅಪ್ಪ ಕತ್ತು ಉದ್ದ ಮಾಡಿ 'ಕೇಳೇ' ಎಂದು ಹುಬ್ಬು ಕುಣಿಸಿದ. 'ನೀವೇ ಕೇಳಿ' ಎಂದು ಅಮ್ಮ ಕಣ್ಣು ಬಿಟ್ಟಳು.

"ಅಮ್ಮಾ, ಸುಟ್ಟ ವಾಸನೆ" ಎಂದಳು ಮಗಳು.

ಇಸ್ತ್ರಿ ಯಾರದೋ ಅಂಗಿಯ ಕಾಲರಿನ ಮೇಲೇ ಉಳಿದುಬಿಟ್ಟಿತ್ತು.

"ಬಟ್ಟೆ ಹಾಳು ಮಾಡೋದು ನಮ್ಮ ವಂಶಕ್ಕೇ ಬಂದಿದ್ದು" ಎಂದು ಮಗಳು ನಕ್ಕಳು. "ಇಂಟರ್ವ್ಯೂನಲ್ಲೂ ಇದನ್ನೇ ಹೇಳ್ದೆ. ಮೂರು ಜನ ಪ್ರೊಫೆಸರ್ ಇದ್ರು. ನೀನು ಮಾಡಿದ ಒಂದು ದೊಡ್ಡ ತಪ್ಪು ಹೇಳು ಅಂದ್ರು."

ಅಮ್ಮ ಇಸ್ತ್ರಿ ಎತ್ತಿಟ್ಟು ತಿರುಗಿದಳು. "ಆ ಕೋಟಿನ ಕತೆ ಹೇಳಿಲ್ಲ ತಾನೆ?"

"ಅದನ್ನೇ ಹೇಳ್ದೆ."

ಎರಡು ವರ್ಷದ ಹಿಂದೆ ವಕೀಲರೊಬ್ಬರ ಉಣ್ಣೆ ಕೋಟಿನ ತೋಳಿನ ಕಲೆ ತೆಗೆಯುತ್ತೇನೆಂದು ಮಗಳು ಆ ತೋಳನ್ನು ಬ್ಲೀಚಿನಲ್ಲಿ ನೆನೆಹಾಕಿ, ಮಾರನೇ ದಿನ ಅದನ್ನೇ ಕಳೆದಿದ್ದಳು. ತೋಳು ಕರಗಿಹೋಗಿತ್ತು. ಬೈಸಿಕೊಂಡಳು. ಆದರೆ ಹತ್ತಿ ಬಟ್ಟೆ ತಡೆದುಕೊಂಡದ್ದನ್ನು ಉಣ್ಣೆ ಏಕೆ ತಡೆಯಲಿಲ್ಲ ಎಂಬುದು ತಲೆಯಿಂದ ಹೋಗಲಿಲ್ಲ. ಹಿತ್ತಿಲಲ್ಲಿ ಬಕೆಟ್ ಇಟ್ಟುಕೊಂಡು ಚಿಂದಿ, ರೇಷ್ಮೆ ನೂಲು, ಕೊನೆಗೆ ತನ್ನದೇ ಕೂದಲನ್ನೂ ಕತ್ತರಿಸಿ ಹಾಕಿ ನೋಡಿದ್ದಳು.

"ಉಣ್ಣೆ ನಮ್ಮ ಕೂದಲಿನ ಜಾತಿ, ಹತ್ತಿ ಗಿಡದ್ದು, ಅದಕ್ಕೇ ಹಾಗೆ ಅಂತ ನಾನಾಗೇ ಕಂಡುಕೊಂಡಿದ್ದು ಹೇಳ್ದೆ. ಅವರಲ್ಲಿ ಒಬ್ರು ಲೇಡಿ ಪ್ರೊಫೆಸರ್ ಬಿಡಲೇ ಇಲ್ಲ. ಎಷ್ಟು ಹೊತ್ತಿಗೆ ಕರಗಿತು, ಬಿಸಿ ನೀರಲ್ಲಿ ಮಾಡಿದ್ಯಾ ಅಂತ ಕೇಳ್ತಾನೇ ಇದ್ರು. ಕೊನೆಗೆ, ಮನೇಲಿ ಯಾರೂ ಬೈಲಿಲ್ವಾ ಅಂದ್ರು. ಬೈದ್ರು, ಬಕೆಟ್ ಮಾತ್ರ ಕಸ್ಕೊಳ್ಳಲಿಲ್ಲ ಅಂದೆ."

ಅಮ್ಮ ಸುಟ್ಟ ಕಾಲರನ್ನು ತಿಕ್ಕುತ್ತ ನಿಂತಳು. ಸರಿ, ಕತೆ ಮುಗಿಯಿತು. ಯಾರು ತಾನೇ ಕೋಟು ಕರಗಿಸಿದವಳನ್ನು ಸೇರಿಸಿಕೊಳ್ಳುತ್ತಾರೆ?

ಮಗಳು ಬ್ರೆಡ್ಡಿನ ಕೊನೆಯ ತುಂಡು ಬಾಯಿಗಿಟ್ಟು ಕೇಳಿದಳು: "ಅಮ್ಮಾ, ಹಾಸ್ಟೆಲಿಗೆ ಹೊದಿಕೆ ಒಂದು ಸಾಕಾ, ಎರಡು ಬೇಕಾ?"

ಅಪ್ಪ ಮಿಷನ್ನು ನಿಲ್ಲಿಸಿದ. ಅಮ್ಮನಿಗೆ ಮಾತು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವಳೂ ಅದೇ ಗಂಟಿನ ಮೇಲೆ ಧೊಪ್ಪನೆ ಕೂತು, ಮಗಳ ಹೆಗಲಿಗೆ ತಲೆಯಾನಿಸಿದಳು.

"ಎರಡು ತಗೊಂಡು ಹೋಗು, ಕತ್ತೆ" ಎಂದಳು.

ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. "ಸೀಟು ಸಿಕ್ಕಾಯ್ತಲ್ಲೇ, ಬರೆದ ಪರೀಕ್ಷೇಲಿ ಎಷ್ಟು ಬಂತು ಅಂತ ಈಗಲಾದ್ರೂ ಕೇಳು."

"ಕೇಳಮ್ಮ, ಪರವಾಗಿಲ್ಲ" ಎಂದಳು ಮಗಳು.

ಅಮ್ಮ ಎದ್ದು ಇಸ್ತ್ರಿ ಕೈಗೆತ್ತಿಕೊಂಡಳು. ಕೇಳಲಿಲ್ಲ.