ಕಣಕ ಹಚ್ಚಿದ ಮುಚ್ಚಳ

ಇಬ್ಬರು ಗಂಡಸರು ಸೇರಿ ಒಂದು ಕಾರು ಕೊಂಡರೆ ಏನಾಗುತ್ತದೆ ಎಂದು ನನ್ನನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮರುವರ್ಷದ ಮಾತು. ನಮ್ಮ ಯಜಮಾನರು ಮಡಿವಾಳಯ್ಯನವರೂ ಪಕ್ಕದ ಮನೆಯ ಚಾಂದನೂ ಹಳೆಯ ಅಂಬಾಸಿಡರ್ ತಂದು ಸೇಡಂನಲ್ಲಿ ಬಾಡಿಗೆಗೆ ಬಿಟ್ಟರು. ಒಂದು ದಿನ ಇವರು ಓಡಿಸಿದರೆ ಮರುದಿನ ಅವನು. ವಾಡಿ ಸ್ಟೇಷನ್ನಿಗೆ, ಚಿಂಚೋಳಿಗೆ, ಕೊಡ್ಲಿಯ ಮದುವೆಗಳಿಗೆ. ನಮ್ಮ ಅಂಗಳದ ಬಾಗಿಲು ದೊಡ್ಡದಾದ್ದರಿಂದ ರಾತ್ರಿ ಕಾರು ನಮ್ಮಲ್ಲೇ ನಿಲ್ಲುತ್ತಿತ್ತು.

ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿರುಬಾಗಿಲು. ಅದರ ಚಿಲಕ ಅವರ ಕಡೆಗಿತ್ತು. ನಾನು ಸೊಸೆಯಾಗಿ ಬಂದಾಗಿನಿಂದ ಅದನ್ನು ಹಾಕಿದ್ದೇ ಕಂಡಿರಲಿಲ್ಲ. ಚಾಂದನ ಹೆಂಡತಿ ಕಮರುನ್ನೀಸಾ ಹೊತ್ತುಹೊತ್ತಿಗೆ ಅಲ್ಲಿಂದ ಬರುತ್ತಿದ್ದಳು. ನನ್ನ ಸುಖದುಃಖವೆಲ್ಲ ಅವಳೊಬ್ಬಳಿಗೇ ಗೊತ್ತು.

ಕಾರಿಗೊಂದು ನಿಯಮವಿತ್ತು. ಸಂಜೆ ತಂದು ನಿಲ್ಲಿಸಿದವನು ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಬೇಕು, ಬೆಳಗ್ಗೆ ಒಯ್ಯುವವನು ಮುಚ್ಚಳ ತೆಗೆದು ನೋಡಬೇಕು. ಆ ವರ್ಷ ಯುಗಾದಿ ಆದ ಮೇಲೆ ಬೆಳಗ್ಗೆ ನೋಡಿದಾಗಲೆಲ್ಲ ಒಂದು ತಂಬಿಗೆ ನೀರು ಕಡಿಮೆ. ಇವರು ನೋಡಿದರೂ ಕಡಿಮೆ, ಅವನು ನೋಡಿದರೂ ಕಡಿಮೆ. ಕಾರಿನ ಕೆಳಗಿನ ನೆಲ ಮಾತ್ರ ಒಣಗಿಯೇ ಇರುತ್ತಿತ್ತು. ಮೆಕ್ಯಾನಿಕ್ ನಬೀಸಾಬ್ ಪೈಪು, ಪಂಪು ಎಲ್ಲ ತಡವಿ ನೋಡಿ, “ಎಲ್ಲೂ ಸೋರಂಗಿಲ್ರಿ. ಹಾಕಿದ್ರ ಇರ್ತದ, ಹಾಕದಿದ್ರ ನೀರ ಹ್ಯಾಂಗ ಇರ್ತದ?” ಎಂದುಬಿಟ್ಟ.

ಆ ಮಾತು ಇಬ್ಬರ ತಲೆಯಲ್ಲೂ ಹುಳದಂತೆ ಹೊಕ್ಕಿತು. ಒಂದು ದಿನ ನಮ್ಮವರು ಅವಸರದಲ್ಲಿ ಮುಚ್ಚಳ ತೆಗೆಯದೆ ಹೋದರು. ಚಿತ್ತಾಪುರದ ದಾರಿಯಲ್ಲಿ ಎಂಜಿನ್ ಕಾದು, ಮದುವೆಯ ಮಂದಿ ಬಿಸಿಲಲ್ಲಿ ಇಳಿದು ನಿಲ್ಲಬೇಕಾಯಿತು. ಬೈಸಿಕೊಂಡು ಮನೆಗೆ ಬಂದವರೇ ಚಾಂದನನ್ನು ಕರೆದರು.

“ಖರೇನ ನೀರ ಹಾಕಿದ್ದಿ?”

“ಹಾಕಿದ್ದೆ.”

“ಖುರಾನ್ ಮುಟ್ಟಿ ಹೇಳು.”

ಚಾಂದ್, “ಇಷ್ಟ ವರ್ಷದಾಗ ನನ್ನ ಮಾತಿಗಿ ಆಣಿ ಬೇಕಾಗಿತ್ತೇನು ಮಡಿವಾಳ?” ಎಂದು ಕಿರುಬಾಗಿಲು ದಾಟಿ ಹೋದ. ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕಾರು ಮಾರುವುದೆಂದಾಯಿತು. ಶಹಾಬಾದಿನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬ ಸೋಮವಾರ ಬರುವವನಿದ್ದ. “ಕಾರ ಮಾರ್ರಿ, ಇಲ್ಲಾ ಬೆಂಕಿ ಹಚ್ರಿ. ಆ ಬಾಗಲಾ ಯಾರ ತೆಗೀಬೇಕು?” ಎಂದು ನಮ್ಮವರನ್ನು ಕೇಳಿದೆ. ಕಾರು ಕೈಬಿಟ್ಟರೆ ಈ ಇಬ್ಬರಿಗೆ ಮುಖ ನೋಡುವ ಕಾರಣವೂ ಉಳಿಯುವುದಿಲ್ಲ, ಚಿಲಕ ಹಾಗೇ ತುಕ್ಕು ಹಿಡಿಯುತ್ತದೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಮರುದಿನ ಸಂಜೆ ಕಮರುನ್ನೀಸಾ ಬೀದಿ ಸುತ್ತಿ ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಕಲಸಿದ ಕಣಕದ ಮುದ್ದೆ.

“ಭಾಗಕ್ಕ, ಇವತ್ತ ನೀರ ಎಲ್ಲಾರ ಮುಂದ ತುಂಬಲಿ. ಬಿರ್ಯಾನಿಗಿ ದಮ್ ಕೊಡುವಾಗ ಪಾತ್ರಿ ಬಾಯಿಗಿ ಹಚ್ಚತೀವಲ್ಲ, ಹಾಂಗ ಮುಚ್ಚಳಕ್ಕ ಕಣಕ ಹಚ್ತೀನಿ. ಯಾರ ಕೈ ಹಚ್ಚಿದ್ರೂ ಒಡೀತದ.”

ನಾನು ಬಿರ್ಯಾನಿ ತಿಂದವಳಲ್ಲ. ಆದರೆ ಅದರ ವಾಸನೆ ಎಷ್ಟೋ ವರ್ಷದಿಂದ ಗೋಡೆ ದಾಟಿ ಬರುತ್ತಿತ್ತು, ಆ ಕಣಕ ಗೊತ್ತಿತ್ತು. ಚಾಂದ್ ಕಾರು ತಂದ, ನೀರು ತುಂಬಿದ. ನಮ್ಮವರು ಬೆರಳು ಅದ್ದಿ ನೋಡಿದರು. ಕಮರು ಮುಚ್ಚಳದ ಸುತ್ತ ಕಣಕ ಮೆತ್ತಿದಳು. ಎಂಜಿನ್ನಿನ ಬಿಸಿಗೆ ಅದು ರೊಟ್ಟಿಯ ಹಾಗೆ ಸುಟ್ಟು ಗಟ್ಟಿಯಾಯಿತು.

ಬೆಳಗ್ಗೆ ನಬೀಸಾಬನನ್ನೂ ಕರೆಸಿದೆವು. ಕಣಕ ಒಂದು ಕೂದಲಿನಷ್ಟೂ ಬಿರಿದಿರಲಿಲ್ಲ. ಅವನು ಅದನ್ನು ಒಡೆದು ಮುಚ್ಚಳ ತೆಗೆದ. ನೀರು ಒಂದು ತಂಬಿಗೆ ಕಡಿಮೆ. ಚಾಂದ್ ನಮ್ಮವರ ಮುಖ ನೋಡಿದ, ನಮ್ಮವರು ನೆಲ ನೋಡಿದರು.

“ಸ್ಟಾರ್ಟ್ ಮಾಡ್ರಿ” ಎಂದ ನಬೀಸಾಬ್. ಹಿಂದಿನ ಕೊಳವೆಯಿಂದ ಬೆಳ್ಳನೆಯದು ಬುಸ್ಸೆಂದು ನಾನು ನಿಂತ ಕಡೆಗೇ ಬಂತು. ಜೀವಮಾನವೆಲ್ಲ ಒಲೆ ಊದಿದವಳು ನಾನು, ಹೊಗೆ ಎಂದರೆ ಕಣ್ಣು ಉರಿಯಬೇಕು. ಇದಕ್ಕೆ ಕಣ್ಣು ಉರಿಯಲಿಲ್ಲ, ಕೆನ್ನೆ ಒದ್ದೆಯಾಯಿತು.

“ಸಾಬ್ರ, ಇದು ಹೊಗಿ ಅಲ್ರಿ, ಉಗಿ. ಇಂಥ ಬ್ಯಾಸಗ್ಯಾಗ ಇಷ್ಟ ಉಗಿ ಎಲ್ಲಿಂದ ಬಂತು?” ಎಂದೆ.

ನಬೀಸಾಬ್ ನಕ್ಕ. ಆಮೇಲೆ ನಗು ನಿಲ್ಲಿಸಿ ಕೊಳವೆಗೆ ಅಂಗೈ ಹಿಡಿದ. “ಗಾಡಿ ಬಂದ್ ಮಾಡ್ರಿ. ಇವತ್ತ ಒಯ್ಯಬ್ಯಾಡ್ರಿ. ಸಂಜಿಗಿ ಎಂಜಿನ್ ಕಾಯಿಸಿ, ನೀರ ತುಂಬಿ ಬಿಡ್ರಿ. ನಾಳಿ ನಾ ಬರೂತನಕಾ ಕೈ ಹಚ್ಚಬ್ಯಾಡ್ರಿ” ಎಂದ.

ಮರುದಿನ ಬಂದವನೇ ಎಂಜಿನ್ನಿನ ನಾಲ್ಕೂ ಪ್ಲಗ್ ಬಿಚ್ಚಿ, ಕಾರಿನ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದ. ಮೂರನೆಯ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿ, ಬಗ್ಗಿ ನೋಡುತ್ತಿದ್ದ ನಮ್ಮವರ ಮುಖಕ್ಕೇ ಹೊಡೆಯಿತು. ಚಾಂದ್ ಗಹಗಹಿಸಿ ನಕ್ಕ. ಜಗಳ ನೆನಪಾಗಿ ನಡುವೆಯೇ ನಿಲ್ಲಿಸಿದ.

ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇರುತ್ತದಂತೆ. ಅದು ಒಂದು ಅಂಚಿನಲ್ಲಿ ಸುಟ್ಟಿತ್ತು. ಬಿಸಿ ಕಾರು ನಿಂತ ಮೇಲೆ ನೀರು ಆ ಸಂದಿಯಿಂದ ಎಂಜಿನ್ನಿನೊಳಕ್ಕೆ ಇಳಿದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಉಗಿಯಾಗಿ ಹೊರಟುಹೋಗುತ್ತಿತ್ತು. ಕಾರು ಯಾರ ಕೈಯಲ್ಲೂ ಇಲ್ಲದ ಹೊತ್ತಿನಲ್ಲಿ ನಡೆದ ಕಳವು. “ನಾ ಬಾಯಿ ಬಿಟ್ಟಿದ್ದ ತಪ್ಪಾತ್ರಿ” ಎಂದು ನಬೀಸಾಬ್ ಗುಲ್ಬರ್ಗದಿಂದ ಹೊಸ ಗ್ಯಾಸ್ಕೆಟ್ ತರಿಸಿ ಕೂರಿಸಿದ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದ. ಕೆಲವು ದಿನ ತಪ್ಪದೆ ನೀರು ನೋಡಿಯೇ ಹೊರಡಬೇಕೆಂದು ಇಬ್ಬರಿಗೂ ತಾಕೀತು ಮಾಡಿದ.

ಕಾರು ಸರಿಯಾಯಿತು, ಚಿಲಕ ಮಾತ್ರ ಹಾಗೇ ಇತ್ತು. ತಪ್ಪಾಯಿತು ಎನ್ನುವ ಮಾತು ನಮ್ಮವರ ಬಾಯಿಗೆ ಬರುವುದಲ್ಲ.

ಸೋಮವಾರ ನಮ್ಮವರ ಸರದಿ. ಚಾಂದ್ ಬೀದಿಯ ಕಡೆಯಿಂದ ಬಂದು ಕೀಲಿ ಕೊಟ್ಟ. ನಮ್ಮವರು ನೇರ ಒಳಗೆ ಕೂತು ಸ್ಟಾರ್ಟ್ ಮಾಡಿದರು.

“ಲೇ, ನೀರ ನೋಡಂಗಿಲ್ಲ?” ಎಂದ ಚಾಂದ್.

“ನೀ ಹಾಕೀದಿ, ಹೌದಿಲ್ಲ?”

“ಹಾಕೀನಿ.”

“ಮತ್ತ ನಾ ಏನ್ ನೋಡ್ಲಿ?”

“ನಬೀಸಾಬ್ ಹೇಳ್ಯಾನ. ಎಂಜಿನ್ ಸುಟ್ಟೀತು!”

“ಸುಡಲಿ.”

ಚಾಂದ್ ಬೈಯುತ್ತ ತಾನೇ ಬಾನೆಟ್ ಎತ್ತಿ ಮುಚ್ಚಳ ತೆಗೆದ. “ಬಾ, ನೋಡು. ಕಂಠಮಟ್ಟ ಅದ.” ನಮ್ಮವರು ಇಳಿಯಲಿಲ್ಲ. “ನಾ ನೋಡಂಗಿಲ್ಲ ಚಾಂದ್” ಎಂದು ಎದುರಿನ ಬೀದಿಯನ್ನೇ ನೋಡುತ್ತ ಕೂತಿದ್ದರು. ಅವರ ಕಣ್ಣು ತುಂಬಿತ್ತು. ಚಾಂದ್ ಮುಚ್ಚಳ ಬಿಗಿದು, ಬಾನೆಟ್ ಹಾಕಿ, ಅದರ ಮೇಲೊಮ್ಮೆ ತಟ್ಟಿದ. ಕಾರು ಹೊರಟಿತು.

ಶಹಾಬಾದಿನ ವ್ಯಾಪಾರಿ ಮಧ್ಯಾಹ್ನ ಬಂದು ಚಾಂದನ ಮನೆಯ ಬಾಗಿಲು ಬಡಿದ. ನಾನು ಗೋಡೆಗೆ ಕಿವಿಯಿಟ್ಟು ನಿಂತೆ. “ಗಾಡಿ ಮಡಿವಾಳ ಒಯ್ದಾನ್ರಿ. ಮಾರೂದಿಲ್ಲ” ಎಂದ ಚಾಂದ್.

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಕಮರುನ್ನೀಸಾ ತಲೆ ಹಾಕಿ, “ಭಾಗಕ್ಕ, ನನ್ನ ಕಣಕದ ತಾಟ ಇಲ್ಲೇ ಉಳದದ” ಎಂದಳು. ತೊಳೆದಿಟ್ಟ ತಾಟು ಅವಳ ಕೈಗೆ ಕೊಟ್ಟು, ಅವಳ ಹೆಗಲಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತುಬಿಟ್ಟೆ.