ಹೊಸಬರಿಗೆ ಹದಿನೇಳು ಸೂಚನೆಗಳು

ನಮ್ಮ ಖಗೋಳ ವೀಕ್ಷಕರ ಸಂಘದಲ್ಲಿ ಆಕಾಶವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಅದರಲ್ಲೊಂದು ಕಬ್ಬಿಣದ ಬೀರು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಗ್ರಹಗಳ ಚಿತ್ರ. ಶನಿಯ ಉಂಗುರದ ಮೇಲೆಯೇ ಯಾರೋ ಮೊಳೆ ಹೊಡೆದು ಬೀಗದ ಕೈ ತೂಗುಹಾಕಿದ್ದರು. ಕುರ್ಚಿಗಳಿಗೆ ಸಂಖ್ಯೆ ಇತ್ತು, ಚಹಾದ ಲೋಟಗಳಿಗೂ ಇತ್ತು. ಎಲ್ಲರಿಗಿಂತ ಹೊಸಬಳಾದ ನನ್ನದು ಹನ್ನೆರಡನೆಯ ಕುರ್ಚಿ, ಅದರ ಒಂದು ಕಾಲು ಗಿಡ್ಡ.

ಅಧ್ಯಕ್ಷರು ಮೂವತ್ತು ವರ್ಷ ಗೋದಾಮಿನ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಕೂತ ಜಾಗದಿಂದ ಅಲ್ಲಾಡುವುದಿಲ್ಲವೆಂದು ಬೆನ್ನ ಹಿಂದೆ ಎಲ್ಲರೂ ಅವರನ್ನು ಧ್ರುವ ಎನ್ನುತ್ತಿದ್ದರು. ಎದುರಿಗೆ ಬರೀ ಸರ್. ಗೋದಾಮಿಗೆ ಬಂದ ಸರಕನ್ನು ಹೇಗೆ ಇಳಿಸಿಕೊಳ್ಳುತ್ತಿದ್ದರೋ ನಕ್ಷತ್ರಗಳನ್ನೂ ಹಾಗೆಯೇ ಇಳಿಸಿಕೊಳ್ಳುತ್ತಿದ್ದರು. ಹೆಸರು, ದಿನಾಂಕ, ಸ್ಥಿತಿ, ಸಹಿ. ಹೊಸಬರು ಹದಿನೈದು ಆಕಾಶಕಾಯಗಳನ್ನು ನೋಡಿ, ರಿಜಿಸ್ಟರಿನಲ್ಲಿ ‘ಕಂಡಿತು’ ಎಂದು ಬರೆದು, ಕಾರ್ಯದರ್ಶಿಯ ಸಹಿ ಪಡೆದರೆ ಪೂರ್ಣ ಸದಸ್ಯರು. ಪೂರ್ಣ ಸದಸ್ಯರಾದವರು ಸಂಘದ ದೊಡ್ಡ ದೂರದರ್ಶಕವನ್ನು ಒಂದು ವಾರ ಮನೆಗೆ ಒಯ್ಯಬಹುದು.

ನಾನು ಸೇರಿದ್ದೇ ಆ ಒಂದು ವಾರಕ್ಕಾಗಿ. ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಮಗಳು ಇನ್ನು ನಾಲ್ಕು ಜನರ ಜೊತೆ ಬೆರೆಯುತ್ತಾಳೆಂದು ಅಮ್ಮ ಹಿಗ್ಗಿದಳು. ನನ್ನ ಲೆಕ್ಕವೇ ಬೇರೆ: ಆ ನಾಲ್ಕು ಜನರಿಂದ ದೂರದರ್ಶಕ ಪಡೆದು, ನಮ್ಮ ಮಹಡಿಗೆ ತಂದು, ಯಾರ ಮುಖವನ್ನೂ ನೋಡದೆ ಏಳು ದಿನ ಬರೀ ಆಕಾಶ ನೋಡುವುದು.

ತೊಡಕೇನೆಂದರೆ, ಸಂಘದ ದೂರದರ್ಶಕದಲ್ಲಿ ಚಂದ್ರನ ಹೊರತು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಮೊದಲ ಸಂಜೆ ಯಾವುದೋ ನೀಹಾರಿಕೆ ತೋರಿಸಿದರು. ನನಗೆ ಕಂಡದ್ದು ಕಪ್ಪು. ಪ್ರಾಮಾಣಿಕವಾಗಿ ‘ಕಾಣಲಿಲ್ಲ’ ಎಂದು ಬರೆದೆ. ಕಾರ್ಯದರ್ಶಿ ಕಾರು ಓಡಿಸಲು ಕಲಿಸುವವರು, ಕಲಿಯುವವರ ತಪ್ಪಿಗೆ ಬ್ರೇಕ್ ಒತ್ತಿ ಅಭ್ಯಾಸವಾದವರು. ನನ್ನ ಸಾಲನ್ನು ಹೊಡೆದುಹಾಕಿ, ಹಾಗೆಲ್ಲ ಬರೆದರೆ ಹೇಗೆ ಮೇಡಂ, ಉಳಿದ ಹನ್ನೊಂದು ಜನಕ್ಕೆ ಕಂಡಿದೆಯಲ್ಲ ಎಂದರು. ನಿಜ. ಹನ್ನೊಂದೂ ಜನ ಸಾಲಾಗಿ ಬಂದು, ಒಂದು ಕಣ್ಣು ಮುಚ್ಚಿ, ಆಹಾ ಎಂದು, ಸಹಿ ಹಾಕಿ, ಚಹಾ ಕುಡಿಯಲು ಹೋಗಿದ್ದರು. ನಾನು ಪೆನ್ನು ತೆಗೆದುಕೊಂಡು ‘ಮಸುಕಾಗಿ ಕಂಡಿತು’ ಎಂದು ಬರೆದೆ. ಮನೆಗೆ ಬಂದು ಡೈರಿಯಲ್ಲಿ ‘ಏನೂ ಕಾಣಲಿಲ್ಲ’ ಎಂದು ಬರೆದು ಮನಸ್ಸನ್ನು ತೊಳೆದುಕೊಂಡೆ. ಹೀಗೆ ಎಂಟು ತಿಂಗಳಲ್ಲಿ ಹದಿನಾಲ್ಕು ಸಹಿಗಳಾದವು.

ಈ ನಡುವೆ, ನನ್ನ ಅಕ್ಷರ ದುಂಡಗಿದೆಯೆಂದು, ಹೊಸಬರಿಗಾಗಿ ಒಂದು ಕರಪತ್ರ ಬರೆಯುವ ಕೆಲಸವನ್ನು ಅಧ್ಯಕ್ಷರು ನನಗೆ ಅಂಟಿಸಿದರು. ಉತ್ಸಾಹದಿಂದ ಬರೆದೆ. ಗ್ರಂಥಾಲಯದ ಯಾವ ಕಪಾಟಿನಲ್ಲಿ ನಕ್ಷತ್ರಪಟಗಳಿವೆ, ರಟ್ಟಿನ ತಿರುಗುವ ನಕ್ಷೆಯನ್ನು ಮನೆಯಲ್ಲೇ ಹೇಗೆ ಮಾಡಬಹುದು, ಫೋನಿನಲ್ಲಿ ಆಕಾಶ ತೋರಿಸುವ ಆ್ಯಪ್ ಹೇಗೆ ಬಳಸಬೇಕು, ದೂರದರ್ಶಕಕ್ಕಿಂತ ಮೊದಲು ಬೈನಾಕ್ಯುಲರ್ ಏಕೆ ಒಳ್ಳೆಯದು, ಟಾರ್ಚಿಗೆ ಕೆಂಪು ಕಾಗದ ಏಕೆ ಸುತ್ತಬೇಕು, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಎಷ್ಟು ನಿಮಿಷ ಬೇಕು.

ಅಧ್ಯಕ್ಷರು ಎಲ್ಲದರ ಮೇಲೂ ಗೀಟು ಎಳೆದರು. “ಇವೆಲ್ಲ ಎಲ್ಲಾ ಕಡೆ ಸಿಗುತ್ತಮ್ಮ. ನಮ್ಮಲ್ಲಿ ಮಾತ್ರ ಸಿಗೋದನ್ನ ಬರಿ.”

ಅವರಲ್ಲಿ ಮಾತ್ರ ಸಿಗುವುದು ಹದಿನೇಳು ಸೂಚನೆಗಳಾಗಿ ಅಚ್ಚಾಯಿತು. ಒಂದನೆಯದು ಸಮಯಪಾಲನೆ. ಮೂರನೆಯದು, ಕುರ್ಚಿ ಎಳೆದು ಸದ್ದು ಮಾಡಬಾರದು. ಒಂಬತ್ತನೆಯದು, ಹಿರಿಯ ಸದಸ್ಯರು ನೋಡಿದ ಮೇಲೆಯೇ ಕಿರಿಯರು ನೋಡಬೇಕು. ಆಕಾಶ ಎಂಬ ಪದ ಮೊದಲ ಬಾರಿಗೆ ಬಂದದ್ದು ಹನ್ನೊಂದರಲ್ಲಿ, ಅದೂ ‘ಆಕಾಶ ಮೋಡ ಕವಿದಿದ್ದರೂ ಹಾಜರಿ ಕಡ್ಡಾಯ’ ಎಂಬಲ್ಲಿ. ಹದಿನಾಲ್ಕನೆಯದು ಅಧ್ಯಕ್ಷರ ಹೆಮ್ಮೆಯದು: ದೂರದರ್ಶಕದ ಮುಂಬದಿಯ ಮುಚ್ಚಳವನ್ನು ಯಾರೂ ತೆಗೆಯಬಾರದು. ಹನ್ನೊಂದು ವರ್ಷದಲ್ಲಿ ಅದರ ಕನ್ನಡಿಯ ಮೇಲೆ ಒಂದು ಕಣ ದೂಳು ಕೂತಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮುಚ್ಚಳದಲ್ಲಿ ಎರಡು ಬೆರಳಗಲದ ಒಂದು ತೂತಿತ್ತು. ನೋಡುವಾಗ ಆ ತೂತಿನ ಬಿರಡೆಯನ್ನಷ್ಟೇ ತೆಗೆಯುತ್ತಿದ್ದರು.

ಕರಪತ್ರಕ್ಕೆ ಚಿತ್ರ ಬೇಕೆಂದು ದೂರದರ್ಶಕ ಬಂದಿದ್ದ ಪೆಟ್ಟಿಗೆಯನ್ನು ಬೀರುವಿನಿಂದ ಇಳಿಸಿ ಹುಡುಕಿದೆ. ಅದರ ತಳದಲ್ಲಿ ಬಳಕೆಯ ಕೈಪಿಡಿ ಇತ್ತು, ಪ್ಲಾಸ್ಟಿಕ್ ಲಕೋಟೆ ಕೂಡ ಹರಿಯದ ಹಾಗೆ. ಸರಕು ಬಂತು, ದಾಖಲಾಯಿತು, ಮುಗಿಯಿತು. ನಾಲ್ಕನೆಯ ಪುಟದಲ್ಲಿ ಚಿತ್ರಸಹಿತ ಬರೆದಿತ್ತು: ನೋಡುವ ಮೊದಲು ಮುಚ್ಚಳವನ್ನು ಪೂರ್ತಿ ತೆಗೆಯಿರಿ; ಚಿಕ್ಕ ತೂತು ಹುಣ್ಣಿಮೆಯ ಚಂದ್ರನ ಬೆಳಕು ಕಣ್ಣಿಗೆ ಹೆಚ್ಚಾದಾಗ ಮಾತ್ರ.

ಗೇಣಗಲದ ಕನ್ನಡಿಗೆ ಎರಡು ಬೆರಳಗಲದ ಬೆಳಕು ಬಿಟ್ಟು, ಹನ್ನೊಂದು ವರ್ಷ, ಆಹಾ ಎಂದಿದ್ದರು.

ಆ ದಿನ ಬಸ್ಸಿನಲ್ಲಿ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿ ಕೂತೆ. ಯಾರಿಗೂ ಹೇಳಲಿಲ್ಲ. ನಾಚಿಕೆಯಿಂದ ಅಲ್ಲ, ನಾಚಿಕೆ ಅಂತ ಹೇಳಿಕೊಂಡರೆ ಮರ್ಯಾದೆಯ ಮಾತಾಗಿ ಕೇಳಿಸುತ್ತದೆ, ಅಷ್ಟೆ. ಇನ್ನು ನಾಲ್ಕು ಸಹಿ ಸಿಕ್ಕರೆ ದೂರದರ್ಶಕ ನಮ್ಮ ಮಹಡಿಗೆ ಬರುತ್ತದೆ, ಆಗ ಒಬ್ಬಳೇ ಮುಚ್ಚಳ ತೆಗೆದು ಒಬ್ಬಳೇ ನೋಡಿದರಾಯಿತು. ಈ ಮೂಢರಿಗೆ ತೂತೇ ಸಾಕು ಎಂದುಕೊಂಡೆ.

ಮೂಢಳಲ್ಲದವಳು ಒಬ್ಬಳಿದ್ದಳು, ಹನ್ನೊಂದನೆಯ ಕುರ್ಚಿಯ ಔಷಧಿ ಅಂಗಡಿ ಅಕ್ಕ. ಅಮ್ಮನ ಮಾತ್ರೆಗಳನ್ನು ಅವಳ ಅಂಗಡಿಯಿಂದಲೇ ತರುತ್ತಿದ್ದೆ. ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನು ಒಂದೇ ನೋಟಕ್ಕೆ ಓದಿ, ಹಿಂದಕ್ಕೆ ತಿರುಗದೆಯೇ ಕೈಚಾಚಿ ಸರಿಯಾದ ಡಬ್ಬಿ ತೆಗೆಯುವವಳು. ಹೋದ ತಿಂಗಳು ನೋಡುತ್ತೇನೆ, ಮಾತ್ರೆಯ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಎರಡೆರಡು ಸಲ ಓದುತ್ತಿದ್ದಾಳೆ. ಮೂಗಿನ ಮೇಲೆ ಹೊಸ ಕನ್ನಡಕ. ಅದು ಎರಡನೆಯದಂತೆ. ಎರಡು ಸಲವೂ ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲವೆಂದರೂ ಇವಳೇ ಒತ್ತಾಯ ಮಾಡಿ ಬರೆಸಿಕೊಂಡಿದ್ದಾಳೆ. ಬಾಯಲ್ಲಿ ಆಹಾ ಎಂದರೂ, ಸಂಘದಲ್ಲಿ ಎಲ್ಲರಿಗೂ ಕಾಣುವುದು ತನಗೊಬ್ಬಳಿಗೇ ಕಾಣುವುದಿಲ್ಲವಲ್ಲ. ನಾಳೆ ಒಂದು ಮಾತ್ರೆಗೆ ಇನ್ನೊಂದು ಕೊಟ್ಟು ಯಾರದಾದರೂ ಜೀವಕ್ಕೆ ಎರವಾದರೆ ಎಂಬ ಹೆದರಿಕೆ ಹೊಕ್ಕಿತ್ತು. ಕೌಂಟರನ್ನು ಮೈದುನನಿಗೆ ಬಿಟ್ಟುಕೊಟ್ಟು ಮನೆಯಲ್ಲಿರುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದಳು. ಇಪ್ಪತ್ತೆರಡು ವರ್ಷ ನಿಂತ ಕೌಂಟರು.

ಅಂಗಡಿ ಖಾಲಿಯಾದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. “ನೀನು ಸುಳ್ಳು ಹೇಳೋಳಲ್ಲ. ನಿಂಗೆ ನಿಜವಾಗ್ಲೂ ಕಾಣುತ್ತಾ ಅದರಲ್ಲಿ?”

ಆಗ ನನಗೆ ಇನ್ನೊಂದೇ ಸಹಿ ಬಾಕಿ ಇತ್ತು.

“ಹೂಂ ಅಕ್ಕ,” ಎಂದೆ. “ಮಸುಕಾಗಿ.”

ಅವಳು ತಲೆಯಾಡಿಸಿ ಅಮ್ಮನ ಮಾತ್ರೆಗಳನ್ನು ಮೂರನೆಯ ಸಲ ಪರೀಕ್ಷಿಸಿ ಕೊಟ್ಟಳು. ಆ ರಾತ್ರಿ ಡೈರಿಯಲ್ಲಿ ಏನೂ ಬರೆಯಲಿಲ್ಲ.

ಹದಿನೈದನೆಯ ವೀಕ್ಷಣೆ ಹರ್ಕ್ಯುಲಿಸ್ ತಾರಾಗುಚ್ಛದ್ದು, ಲಕ್ಷಾಂತರ ನಕ್ಷತ್ರಗಳ ಉಂಡೆ. ಕತ್ತಲಾಗುತ್ತಲೇ ಮಹಡಿಯ ನೀರಿನ ಟ್ಯಾಂಕಿನ ಪಕ್ಕ ದೂರದರ್ಶಕ ನಿಲ್ಲಿಸಿದರು. ಕಾರ್ಯದರ್ಶಿ ಪಕ್ಕದ ಚಿಕ್ಕ ನಳಿಗೆಯಲ್ಲಿ ಗುರಿ ಹಿಡಿದರು. ಕುರ್ಚಿಯ ಸಂಖ್ಯೆಯಂತೆ ಸಾಲು. ಧ್ರುವ ಅಂದು ಸ್ಥಾನಪಲ್ಲಟಗೊಂಡು, ಬಗ್ಗಿ ನೋಡಿ, “ಅದ್ಭುತ” ಎಂದರು. ಎರಡನೆಯವರು ಅದ್ಭುತ ಎಂದರು. ಮೂರನೆಯವರಿಗೆ ಬೇರೆ ಪದ ಸಿಗಲಿಲ್ಲ.

ಅಕ್ಕನ ಸರದಿ ಬಂತು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು, ಎಡಗಣ್ಣಿನಿಂದ ನೋಡಿದಳು. ಕಾರ್ಯದರ್ಶಿ ಪೆನ್ನಿನ ಹಿಂಬದಿಯನ್ನು ರಿಜಿಸ್ಟರಿಗೆ ಕುಟ್ಟುತ್ತಿದ್ದರು.

“ನನಗೆ ಏನೂ ಕಾಣ್ತಿಲ್ಲ ಸರ್,” ಎಂದಳು ಅಕ್ಕ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಬಹಳ ಮರುಕದಿಂದ ಹೇಳಿದರು: “ನಿಮ್ಮ ಕಣ್ಣಿನ ಕತೆ ಮುಗೀತು ಬಿಡಿಯಮ್ಮ. ಇನ್ನು ಆಕಾಶದ ಆಸೆ ಯಾಕೆ? ಆ ಅಂಗಡೀಲಾದ್ರೂ ಜೋಪಾನವಾಗಿರಿ, ಜನರ ಪ್ರಾಣದ ವಿಷಯ.”

ಅಕ್ಕ ಕನ್ನಡಕವನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸುತ್ತಲೇ ಇದ್ದಳು.

ನಾನು ಹೋಗಿ ಮುಚ್ಚಳ ಕಿತ್ತೆ. ಧೈರ್ಯದ ಮಾತೇನಲ್ಲ, ಬಾಯಿ ತೆರೆಯುವುದಕ್ಕಿಂತ ಕೈ ಆಡಿಸುವುದು ನನಗೆ ಸುಲಭ. ಹನ್ನೊಂದು ವರ್ಷ ಅಂಟಿಕೊಂಡಿದ್ದದ್ದು ಪಟ್ಟೆಂದು ಬಂತು. ಅಧ್ಯಕ್ಷರ ಮುಖ ಸರಕಿನ ಪೆಟ್ಟಿಗೆಯನ್ನು ಕೈಜಾರಿ ಬೀಳಿಸಿದವರ ಮುಖದಂತಾಯಿತು. ದೂಳು, ದೂಳು ಎನ್ನುತ್ತ ಬಂದು, ಏನಾಯಿತೆಂದು ನೋಡಲು ತಾವೇ ಮೊದಲು ಕಣ್ಣಿಟ್ಟರು. ಸುಮಾರು ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೆಟ್ಟಗಾಗಿ, ರಿಜಿಸ್ಟರಿನ ಕಡೆ ನೋಡಿ, ಹನ್ನೊಂದು ವರ್ಷದ ಪುಟಗಳ ದಪ್ಪವನ್ನು ನೋಡಿ ಹೇಳಿದರು: “ಬೆಳಕು ಜಾಸ್ತಿಯಾಯ್ತು. ಹೀಗೆ ನೋಡೋದು ನಮ್ಮ ಸಂಘದ ಕ್ರಮ ಅಲ್ಲ. ಮುಚ್ಚಿ.”

ಉಳಿದವರು ಅವರ ಮುಖ ನೋಡಿದರು. ಕಣ್ಣಿಡಲು ಯಾರೂ ಮುಂದೆ ಬರಲಿಲ್ಲ. ನೋಡಿದರೆ ಹಿಂದಿನ ಸಹಿಗಳನ್ನೆಲ್ಲ ಏನು ಮಾಡುವುದು? ಒಬ್ಬರು ಮಾತ್ರ ಹೌದು, ಜಾಸ್ತಿಯೇ ಎಂದರು, ನೋಡದೆಯೇ.

ಅಕ್ಕ ಮಾತ್ರ ಅವರನ್ನು ಸರಿಸಿಕೊಂಡು ಹೋಗಿ ಬಗ್ಗಿದಳು. ಕನ್ನಡಕ ಕೈಯಲ್ಲೇ ಇತ್ತು. ಅವಳ ಉಸಿರು ನಿಂತು ಮತ್ತೆ ಶುರುವಾದದ್ದು ನನಗೆ ಕೇಳಿಸಿತು. ಮುಚ್ಚಿ ಎಂದು ಅಧ್ಯಕ್ಷರು ಇನ್ನೊಮ್ಮೆ ಹೇಳಿದರು. ಅವಳು ಮಿಸುಕಲಿಲ್ಲ. ಕಣ್ಣು ತೆಗೆಯದೆಯೇ ನನ್ನನ್ನು ಕೇಳಿದಳು.

“ಮುಚ್ಚಳ ತೆಗೀಬೇಕು ಅಂತ ನಿಂಗೆ ಈಗ ಹೊಳೀತಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕತ್ತಲಿತ್ತು, ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ.

“ಇಲ್ಲ ಅಕ್ಕ. ಮೂರು ತಿಂಗಳಾಯ್ತು.”

“ಅಂಗಡೀಲಿ ಕೇಳಿದೆನಲ್ಲ, ಆಗ?”

“ಆಗಲೂ ಗೊತ್ತಿತ್ತು.”

ಅವಳು ಬಗ್ಗಿದ ಹಾಗೆಯೇ ಒಂದು ಕೈಯಿಂದ ಫೋನು ತೆಗೆದು ಮೈದುನನಿಗೆ ಹಚ್ಚಿದಳು. ನಾಳೆಯಿಂದ ಬರುವುದು ಬೇಡ, ಕೌಂಟರಿನಲ್ಲಿ ತಾನೇ ಇರುತ್ತೇನೆ ಎಂದಳು. ಯಾಕೆಂದು ಆತ ಕೇಳಿರಬೇಕು. “ಕಣ್ಣು ಚೆನ್ನಾಗಿದೆ, ಅದಕ್ಕೆ,” ಎಂದು ಇಟ್ಟಳು. ಆಮೇಲೆ ನನ್ನನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದಳು.

ಸಾಲಿನಲ್ಲಿ ಉಳಿದವಳು ನಾನೊಬ್ಬಳೇ. ನಾನು ಬಗ್ಗುವುದರೊಳಗೆ ಅಧ್ಯಕ್ಷರು ಎರಡೂ ಕೈಯಿಂದ ಒತ್ತಿ ಮುಚ್ಚಳ ಹಾಕಿಯಾಗಿತ್ತು. ಸೂಚನೆ ಮೀರಿದ್ದಕ್ಕೆ ನನ್ನ ಹದಿನಾಲ್ಕು ಸಹಿಗಳು ರದ್ದಾದವು. ಅದರ ಬಗ್ಗೆ ನನಗೆ ದೂರೇನಿಲ್ಲ; ಹದಿನಾಲ್ಕೂ ಸುಳ್ಳೇ ಆಗಿದ್ದವು. ಆ ಉಂಡೆ ಹೇಗಿತ್ತೆಂದು ಮಾತ್ರ ಅಕ್ಕನನ್ನು ಕೇಳಬೇಕಿತ್ತು.

ವಾರ ಕಳೆದು ಅಮ್ಮನ ಮಾತ್ರೆಗೆಂದು ಹೋದೆ. ಅಂಗಡಿಯ ಮುಂದೆ ಜನವಿತ್ತು. ಅಕ್ಕನ ಮೂಗಿನ ಮೇಲೆ ಕನ್ನಡಕವಿರಲಿಲ್ಲ. ನನ್ನ ಚೀಟಿಯನ್ನು ಒಂದೇ ನೋಟಕ್ಕೆ ಓದಿ, ಹಿಂದಕ್ಕೆ ತಿರುಗದೆ ಕೈಚಾಚಿ ಡಬ್ಬಿ ತೆಗೆದು, ಹತ್ತು ಮಾತ್ರೆ ಕತ್ತರಿಸಿ ಕವರಿಗೆ ಹಾಕಿದಳು. ನಾನು ಅಕ್ಕಾ ಎಂದೆ.

“ಮುಂದಿನವರು ಬನ್ನಿ,” ಎಂದಳು.